ಸೀಸ ತೆಗೆಯಲು ₹5, ತೆಗೆದದ್ದನ್ನು ತೋರಿಸಲು ₹420

ಒಂದು ಸರ್ಕಿಟ್ ಬೋರ್ಡಿಗೆ 10 ಗ್ರಾಂ ಸೋಲ್ಡರ್ ಬೇಕು ಎಂದಿಟ್ಟುಕೊಳ್ಳಿ. ಹಳೆಯ ತವರ-ಸೀಸದ ಸೋಲ್ಡರ್ ಬಳಸಿದರೆ ಲೋಹದ ಬೆಲೆ ₹16.50. ಅಷ್ಟೇ ಗಾತ್ರದ ಸೀಸರಹಿತ ತವರ-ತಾಮ್ರದ ಸೋಲ್ಡರ್ ಬಳಸಿದರೆ ₹21.80. ವ್ಯತ್ಯಾಸ ₹5.30. ಇದೇ ಬೋರ್ಡಿನಲ್ಲಿ ಸೀಸವಾಗಲಿ ಇತರ ಒಂಬತ್ತು ನಿರ್ಬಂಧಿತ ವಸ್ತುಗಳಾಗಲಿ ಮಿತಿ ಮೀರಿಲ್ಲವೆಂದು ಯುರೋಪಿನ ಖರೀದಿದಾರನಿಗೆ ದಾಖಲೆ ಸಮೇತ ತೋರಿಸಲು, 1,000 ಬೋರ್ಡುಗಳ ಆರ್ಡರಿನಲ್ಲಿ, ಬೋರ್ಡೊಂದಕ್ಕೆ ತಗಲುವ ಖರ್ಚು ₹420ರ ಆಸುಪಾಸು. ಆ ₹5.30ರ 79 ಪಟ್ಟು. ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ಅಪಾಯಕಾರಿ ವಸ್ತುಗಳ ನಿಯಮ ಪಾಲಿಸುವ ವೆಚ್ಚ ಲೋಹದಲ್ಲಿಲ್ಲ, ಮಾಹಿತಿಯಲ್ಲಿದೆ. ಈ ಎರಡೂ ಅಂಕಿಗಳ ಲೆಕ್ಕ ಮುಂದಿದೆ.

ನಿಯಮದ ಅಂಕಿಗಳು

ಯುರೋಪಿಯನ್ ಒಕ್ಕೂಟದ ನಿಯಮ 6 ವಸ್ತುಗಳಿಂದ ಆರಂಭವಾಯಿತು. 2003ರ ಜನವರಿಯಲ್ಲಿ ಅಂಗೀಕಾರವಾದ 2002/95/ಇಸಿ ನಿರ್ದೇಶನ 2006ರ ಜುಲೈ 1ರಿಂದ ಅನ್ವಯವಾಯಿತು. ಉದ್ಯಮದಲ್ಲಿ ಇದಕ್ಕೆ ರೋಹ್ಸ್ ಎಂದೇ ಹೆಸರು. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ ಹಾಗೂ ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದಂತೆ ಬೆರೆಸುವ ಪಿಬಿಬಿ, ಪಿಬಿಡಿಇ ಎಂಬ ಎರಡು ಬ್ರೋಮಿನ್ ಸಂಯುಕ್ತ ಗುಂಪುಗಳಿಗೆ ಮಿತಿ ತೂಕದ ಶೇ 0.1, ಅಂದರೆ 1,000 ಪಿಪಿಎಂ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ. ಕ್ಯಾಡ್ಮಿಯಂಗೆ ಮಾತ್ರ ಇದರ ಹತ್ತನೇ ಒಂದು ಭಾಗ: ಶೇ 0.01, ಅಂದರೆ 100 ಪಿಪಿಎಂ.

2019ರ ಜುಲೈ 22ರಿಂದ ಪಟ್ಟಿ 10ಕ್ಕೆ ಏರಿತು. 2011ರಲ್ಲಿ ಬಂದ ಪರಿಷ್ಕೃತ ನಿರ್ದೇಶನ 2011/65/ಇಯುಗೆ 2015ರಲ್ಲಿ ತಿದ್ದುಪಡಿಯಾಗಿ ಡಿಇಎಚ್‌ಪಿ, ಬಿಬಿಪಿ, ಡಿಬಿಪಿ, ಡಿಐಬಿಪಿ ಎಂಬ ನಾಲ್ಕು ಥಾಲೇಟ್‌ಗಳು ಸೇರಿದವು. ಪಿವಿಸಿಯನ್ನು ಬಾಗುವಂತೆ ಮಾಡಲು ಬೆರೆಸುವ ರಾಸಾಯನಿಕಗಳಿವು. ಪ್ರತಿಯೊಂದಕ್ಕೂ ಮಿತಿ ಶೇ 0.1. ಮೆದು ಪಿವಿಸಿಯಲ್ಲಿ ಡಿಇಎಚ್‌ಪಿಯನ್ನು ತೂಕದ ಶೇ 30ರಷ್ಟು ಬೆರೆಸುವುದುಂಟು. ಅದು ಮಿತಿಯ 300 ಪಟ್ಟು. ವೈದ್ಯಕೀಯ ಉಪಕರಣ ಮತ್ತು ಅಳತೆ-ನಿಯಂತ್ರಣ ಉಪಕರಣಗಳಿಗೆ ಈ ನಾಲ್ಕರ ಮಿತಿ ಎರಡು ವರ್ಷ ತಡವಾಗಿ, 2021ರ ಜುಲೈ 22ರಿಂದ ಅನ್ವಯವಾಯಿತು.

ಭಾರತದ ಪಟ್ಟಿ ಈಗಲೂ 6. ಇ-ತ್ಯಾಜ್ಯ ನಿಯಮ 2011ರಲ್ಲಿ ಬಂದು 2012ರ ಮೇ 1ರಿಂದ ಜಾರಿಯಾಯಿತು. ಅದರೊಳಗಿನ ಅಪಾಯಕಾರಿ ವಸ್ತುಗಳ ಮಿತಿ ಅನ್ವಯವಾದದ್ದು 2014ರ ಮೇ 1ರಿಂದ, ಯುರೋಪಿಗಿಂತ 7 ವರ್ಷ 10 ತಿಂಗಳು ತಡವಾಗಿ. 2016ರ ನಿಯಮವೂ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮವೂ 16ನೇ ನಿಯಮದಡಿ ಅವೇ ಆರು ವಸ್ತುಗಳನ್ನೂ ಅವೇ ಮಿತಿಗಳನ್ನೂ ಉಳಿಸಿಕೊಂಡಿವೆ. ಬದಲಾದದ್ದು ವ್ಯಾಪ್ತಿ: ನಿಯಮದಡಿ ಬರುವ ಉಪಕರಣಗಳ ವಿಧಗಳು 21ರಿಂದ 106ಕ್ಕೆ ಏರಿದವು.

ಎಷ್ಟರ ಶೇ 0.1 ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಮಿತಿ ಅನ್ವಯವಾಗುವುದು ಇಡೀ ಉಪಕರಣದ ತೂಕಕ್ಕಲ್ಲ, ಬಿಡಿಭಾಗದ ತೂಕಕ್ಕೂ ಅಲ್ಲ, ‘ಏಕರೂಪ ವಸ್ತು’ವಿಗೆ, ಅಂದರೆ ಕತ್ತರಿಸಿ, ಕೆರೆದು, ಉಜ್ಜಿ ಮತ್ತೆ ಬೇರ್ಪಡಿಸಲಾಗದ ಒಂದೇ ಬಗೆಯ ಪದರಕ್ಕೆ. 100 ಮಿಲಿಗ್ರಾಂ ತೂಗುವ ಒಂದು ಬಿಡಿಭಾಗದ ಕಾಲುಗಳಿಗೆ 1 ಮಿಲಿಗ್ರಾಂ ಲೇಪನವಿದೆ, ಲೇಪನದಲ್ಲಿ ಶೇ 10 ಸೀಸವಿದೆ ಎಂದುಕೊಳ್ಳಿ. ಸೀಸದ ಪ್ರಮಾಣ 0.1 ಮಿಲಿಗ್ರಾಂ. ಇಡೀ ಭಾಗಕ್ಕೆ ಲೆಕ್ಕ ಹಾಕಿದರೆ 1,000 ಪಿಪಿಎಂ, ಸರಿಯಾಗಿ ಮಿತಿಯ ಅಂಚಿನಲ್ಲಿ. ಲೇಪನಕ್ಕೆ ಲೆಕ್ಕ ಹಾಕಿದರೆ 1,00,000 ಪಿಪಿಎಂ, ಮಿತಿಯ 100 ಪಟ್ಟು. ಕಾನೂನು ನೋಡುವುದು ಎರಡನೆಯ ಅಂಕಿಯನ್ನು.

ಲೋಹದ ಖರ್ಚು

ಹಳೆಯ ಸೋಲ್ಡರ್‌ನಲ್ಲಿ ತವರ ಶೇ 63, ಸೀಸ ಶೇ 37. ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಜಾಗಕ್ಕೆ ಬಂದ ಮುಖ್ಯ ಮಿಶ್ರಲೋಹ ಎಸ್‌ಎಸಿ305: ತವರ ಶೇ 96.5, ಬೆಳ್ಳಿ ಶೇ 3, ತಾಮ್ರ ಶೇ 0.5; ಕರಗಲು ಆರಂಭಿಸುವುದು 217 ಡಿಗ್ರಿಯಲ್ಲಿ. ಬೆಳ್ಳಿಯಿಲ್ಲದ ಮೂರನೆಯ ಬಗೆಯಲ್ಲಿ ತವರ ಶೇ 99.3, ತಾಮ್ರ ಶೇ 0.7, ಕರಗುವುದು 227 ಡಿಗ್ರಿಯಲ್ಲಿ.

ಬೆಲೆಗೆ 2024ರ ಮಟ್ಟಕ್ಕೆ ಹತ್ತಿರದ ದುಂಡು ಅಂಕಿಗಳನ್ನು ಹಿಡಿಯೋಣ: ತವರ ಟನ್ನಿಗೆ 30,000 ಡಾಲರ್, ಸೀಸ 2,000, ತಾಮ್ರ 9,000, ಬೆಳ್ಳಿ ಕೆ.ಜಿ.ಗೆ 900 ಡಾಲರ್, ಡಾಲರಿಗೆ ₹84. ಸಂಸ್ಕರಣೆ, ಸಾಗಣೆ, ತೆರಿಗೆ ಬಿಟ್ಟು ಲೋಹದ ಬೆಲೆಯಷ್ಟೇ:

ತವರ-ಸೀಸ: ಕೆ.ಜಿ.ಗೆ ₹1,650
ತವರ-ತಾಮ್ರ: ಕೆ.ಜಿ.ಗೆ ₹2,508
ಎಸ್‌ಎಸಿ305: ಕೆ.ಜಿ.ಗೆ ₹4,704

ಎಸ್‌ಎಸಿ305ರ ಬೆಲೆಯಲ್ಲಿ ಬೆಳ್ಳಿಯ ಪಾಲು ಶೇ 48. ತೂಕದಲ್ಲಿ ಶೇ 3. ಬೆಳ್ಳಿ ಕೆ.ಜಿ.ಗೆ 100 ಡಾಲರ್ ಏರಿದರೆ ಈ ಸೋಲ್ಡರ್ ಕೆ.ಜಿ.ಗೆ 3 ಡಾಲರ್, ಅಂದರೆ ₹252 ಏರುತ್ತದೆ. ಸೀಸ ಬಿಟ್ಟ ಕಾರ್ಖಾನೆಗಳ ಖರ್ಚಿನ ಪಟ್ಟಿ ಹೀಗೆ ಬೆಳ್ಳಿ ಪೇಟೆಗೆ ತಗುಲಿಕೊಂಡಿತು. ಬೆಳ್ಳಿ ಕೈಬಿಟ್ಟು ತವರ-ತಾಮ್ರಕ್ಕೆ ಹೋದರೆ ಕೆ.ಜಿ.ಗೆ ಶೇ 47 ಉಳಿತಾಯ. ಬದಲಿಗೆ ಕರಗುವ ಬಿಂದು 10 ಡಿಗ್ರಿ ಹೆಚ್ಚು. ಕಾಲುಗಳಿರುವ ಬಿಡಿಭಾಗಗಳ ಬೋರ್ಡನ್ನು ಕರಗಿದ ಸೋಲ್ಡರ್‌ನ ಅಲೆಯ ಮೇಲೆ ಹಾಯಿಸುವ ವೇವ್ ಯಂತ್ರಗಳಲ್ಲಿ ತವರ-ತಾಮ್ರ ನಡೆಯುತ್ತದೆ. ಪೇಸ್ಟ್ ಹಚ್ಚಿ ಓವನ್ನಿನಲ್ಲಿ ಕರಗಿಸುವ ರಿಫ್ಲೋ ವಿಧಾನದಲ್ಲಿ ಎಸ್‌ಎಸಿ305 ಹೆಚ್ಚು.

ಕೆ.ಜಿ. ಲೆಕ್ಕದ ವ್ಯತ್ಯಾಸವೇ ಬೋರ್ಡಿನ ವ್ಯತ್ಯಾಸವಲ್ಲ. ತವರ-ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 8.4 ಗ್ರಾಂ, ಎಸ್‌ಎಸಿ305ರದು 7.4, ತವರ-ತಾಮ್ರದ್ದು 7.3. ಬೆಸುಗೆ ತುಂಬುವುದು ಜಾಗವನ್ನು. ಹಾಗಾಗಿ 10 ಗ್ರಾಂ ಹಳೆಯ ಸೋಲ್ಡರ್‌ನ ಜಾಗಕ್ಕೆ 8.8 ಗ್ರಾಂ ಎಸ್‌ಎಸಿ305 ಅಥವಾ 8.7 ಗ್ರಾಂ ತವರ-ತಾಮ್ರ ಸಾಕು. ಬೋರ್ಡಿಗೆ ಲೋಹದ ಬೆಲೆ ₹16.50ರಿಂದ ಕ್ರಮವಾಗಿ ₹41.40ಕ್ಕೂ ₹21.80ಕ್ಕೂ ಏರುತ್ತದೆ. ಹೆಚ್ಚುವರಿ ₹24.90 ಅಥವಾ ₹5.30.

ಈ ₹5.30ಕ್ಕೆ ಬೋರ್ಡಿನಿಂದ ಹೊರಗುಳಿಯುವ ಸೀಸ 3.7 ಗ್ರಾಂ. 10 ಲಕ್ಷ ಬೋರ್ಡುಗಳಿಗೆ 3.7 ಟನ್ ಸೀಸ. ಹೆಚ್ಚುವರಿ ಲೋಹದ ಖರ್ಚು ₹53 ಲಕ್ಷ. ಕೆ.ಜಿ. ಸೀಸ ತಪ್ಪಿಸಲು ₹1,432.

ಶಾಖದ ಖರ್ಚು ಬೇರೆ. ರಿಫ್ಲೋ ಓವನ್ನಿನ ಗರಿಷ್ಠ ತಾಪ ತವರ-ಸೀಸಕ್ಕೆ 205ರಿಂದ 225 ಡಿಗ್ರಿ ಇದ್ದದ್ದು ಎಸ್‌ಎಸಿ305ಕ್ಕೆ 235ರಿಂದ 250 ಡಿಗ್ರಿಗೆ ಏರಿತು. ಓವನ್ನಿನ ವಿದ್ಯುತ್ ಜೊತೆಗೆ ಬೋರ್ಡಿನ ಎಪಾಕ್ಸಿ ಹಾಳೆ, ಕನೆಕ್ಟರಿನ ಪ್ಲಾಸ್ಟಿಕ್, ಕೆಪಾಸಿಟರ್ ಎಲ್ಲವೂ ಆ ಹೆಚ್ಚಿನ ತಾಪ ತಾಳಬೇಕು. ತವರ ಹೆಚ್ಚಿರುವ ಸೋಲ್ಡರ್ ಸ್ಟೇನ್‌ಲೆಸ್ ಸ್ಟೀಲನ್ನು ತಿನ್ನುತ್ತದೆ. ವೇವ್ ಯಂತ್ರದ ಪಾಟ್ ಮತ್ತು ಪಂಪಿನ ಭಾಗಗಳನ್ನು ಟೈಟಾನಿಯಂ ಅಥವಾ ಎರಕದ ಕಬ್ಬಿಣಕ್ಕೆ ಬದಲಿಸಬೇಕಾಯಿತು. ಇವು ಒಮ್ಮೆ ಮಾಡುವ ಬಂಡವಾಳ ವೆಚ್ಚಗಳು.

ಒಂದು ಕೆ.ಜಿ. ಬಾರ್‌ನ ಬೆಲೆ

ಪಾಟ್ ಎಂದರೆ ವೇವ್ ಯಂತ್ರದಲ್ಲಿ ಸೋಲ್ಡರ್ ಕರಗಿ ನಿಲ್ಲುವ ತೊಟ್ಟಿ. ಹಳೆಯ ಸೋಲ್ಡರ್ 400 ಕೆ.ಜಿ. ಹಿಡಿಯುವ ಪಾಟ್ ತವರ-ತಾಮ್ರ ಹಿಡಿಯುವುದು 348 ಕೆ.ಜಿ. ಮೇಲಿನ ದರದಲ್ಲಿ ಪಾಟ್ ತುಂಬಿಸಲು ಮೊದಲು ₹6.60 ಲಕ್ಷ ಸಾಕಿತ್ತು, ಈಗ ₹8.73 ಲಕ್ಷ ಬೇಕು. ಎಸ್‌ಎಸಿ305 ಆದರೆ ₹16.56 ಲಕ್ಷ.

ಬೆಸುಗೆ ಗುಣಮಟ್ಟದ ಜೆ-ಎಸ್‌ಟಿಡಿ-001 ಮಾನದಂಡದ ಪ್ರಕಾರ ಸೀಸರಹಿತ ಪಾಟ್‌ನಲ್ಲಿ ಸೀಸ ಶೇ 0.1 ಮೀರಬಾರದು. 348 ಕೆ.ಜಿ.ಗೆ ಅದು 348 ಗ್ರಾಂ. ಹಳೆಯ ಸೋಲ್ಡರ್‌ನ 1 ಕೆ.ಜಿ. ಬಾರ್‌ನಲ್ಲಿರುವ ಸೀಸ 370 ಗ್ರಾಂ. ಎರಡೂ ಬಗೆಯ ಕೆಲಸ ನಡೆಯುವ ಶೆಡ್ಡಿನಲ್ಲಿ ಆಪರೇಟರ್ ಕೈತಪ್ಪಿ ಒಂದೇ ಒಂದು ಬಾರ್ ಹಾಕಿದರೂ ಪಾಟ್‌ನ ಸೀಸ ಶೇ 0.106ಕ್ಕೆ ಹೋಗುತ್ತದೆ. ಅಲ್ಲಿಂದಾಚೆಗೆ ಆ ಪಾಟ್‌ನಿಂದ ಹೊರಬರುವ ಪ್ರತಿಯೊಂದು ಬೆಸುಗೆಯೂ ಏಕರೂಪ ವಸ್ತುವಾಗಿ ಮಿತಿ ಮೀರಿದ್ದೇ. ಎರಡು ಬಾರ್‌ಗಳೂ ಬೂದು ಬಣ್ಣದವು. ಸೀಸದ್ದು ಕೊಂಚ ಭಾರ, ಮೇಲಿರುವ ಅಚ್ಚು ಬೇರೆ. ಅಚ್ಚು ಓದದೆ ಕೈಯಲ್ಲಿ ಹಿಡಿದು ಹೇಳುವುದು ಕಷ್ಟ.

ಅದನ್ನು ಶೇ 0.09ಕ್ಕೆ ಇಳಿಸಲು ಸುಮಾರು 53 ಕೆ.ಜಿ. ತೆಗೆದು ಅಷ್ಟೇ ಹೊಸ ಸೋಲ್ಡರ್ ಹಾಕಬೇಕು. ಖರ್ಚು ₹1.33 ಲಕ್ಷ, ತಪ್ಪಿ ಹಾಕಿದ ₹1,650ರ ಬಾರ್‌ನ 80 ಪಟ್ಟು. ತೆಗೆದ ಲೋಹವನ್ನು ಗುಜರಿಗೆ ಮಾರಿದರೆ ಒಂದಷ್ಟು ವಾಪಸ್ ಬರುತ್ತದೆ. ಅದಕ್ಕೂ ಮುನ್ನ, ಬಾರ್ ಬಿದ್ದದ್ದು ಯಾವಾಗ ಎಂದು ತಿಳಿಯಬೇಕು. ಪಾಟ್‌ನ ಮಾದರಿಯನ್ನು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸುವ ಘಟಕದಲ್ಲಿ ಸಂದೇಹಕ್ಕೆ ಬರುವುದು ಒಂದು ತಿಂಗಳ ಉತ್ಪಾದನೆ. ವಾರಕ್ಕೊಮ್ಮೆ ಕಳಿಸುವಲ್ಲಿ ಒಂದು ವಾರದ್ದು.

ತೋರಿಸುವ ಖರ್ಚು

ಯುರೋಪಿನಲ್ಲಿ ಮಾರುವ ಉಪಕರಣದ ತಾಂತ್ರಿಕ ಕಡತವನ್ನು 10 ವರ್ಷ ಕಾಪಾಡಬೇಕು. ಕಡತದಲ್ಲಿ ಏನಿರಬೇಕು ಎಂಬುದನ್ನು ಇಎನ್ ಐಇಸಿ 63000 ಮಾನದಂಡ ಹೇಳುತ್ತದೆ: ಪ್ರತಿ ಬಿಡಿಭಾಗಕ್ಕೆ ಪೂರೈಕೆದಾರನ ಘೋಷಣೆ ಅಥವಾ ಒಪ್ಪಂದ, ಇಲ್ಲವೇ ಪರೀಕ್ಷಾ ವರದಿ. ಎಲ್ಲವನ್ನೂ ಪರೀಕ್ಷಿಸಬೇಕೆಂದಿಲ್ಲ. ಯಾವುದನ್ನು ನಂಬಬಹುದು, ಯಾವುದನ್ನು ಪರೀಕ್ಷಿಸಬೇಕು ಎಂದು ತಯಾರಕನೇ ಅಪಾಯದ ಅಂದಾಜು ಮಾಡಿ ಬರೆದಿಡಬೇಕು.

ಬಿಒಎಂ ಎಂದರೆ ಒಂದು ಬೋರ್ಡಿಗೆ ಬೇಕಾದ ಭಾಗಗಳ ಪಟ್ಟಿ. ಲೆಕ್ಕಕ್ಕಾಗಿ 300 ಸಾಲಿನ ಒಂದು ಬಿಒಎಂ ತೆಗೆದುಕೊಳ್ಳೋಣ. ಸಾಲಿಗೆ ಒಂದೂವರೆ ಗಂಟೆಯಂತೆ ಘೋಷಣೆ ತರಿಸಿ, ಓದಿ, ದಾಖಲಿಸಲು 450 ಗಂಟೆ. ಗಂಟೆಗೆ ₹400ರಂತೆ ₹1.80 ಲಕ್ಷ. ಸಾಲುಗಳಲ್ಲಿ ಶೇ 5ರಷ್ಟನ್ನು, ಅಂದರೆ 15 ಭಾಗಗಳನ್ನು ಪರೀಕ್ಷೆಗೆ ಕಳಿಸಿ, ಒಂದೊಂದರಲ್ಲಿ 4 ಏಕರೂಪ ವಸ್ತುಗಳಿದ್ದರೆ 60 ಮಾದರಿ. ಮಾದರಿಗೆ ₹4,000ದಂತೆ ₹2.40 ಲಕ್ಷ. ಒಟ್ಟು ₹4.20 ಲಕ್ಷ. ಗಂಟೆಯ ದರವೂ ಪರೀಕ್ಷಾ ಶುಲ್ಕವೂ ಊಹೆ. ಎರಡನ್ನೂ ಅರ್ಧಕ್ಕೆ ಇಳಿಸಿದರೂ ಮುಂದಿನ ಹೋಲಿಕೆಯ ದಿಕ್ಕು ಬದಲಾಗದು.

1,000 ಬೋರ್ಡಿಗೆ ಹಂಚಿದರೆ ಬೋರ್ಡಿಗೆ ₹420. 10,000ಕ್ಕೆ ಹಂಚಿದರೆ ₹42. 1 ಲಕ್ಷಕ್ಕೆ ಹಂಚಿದರೆ ₹4.20, ಅಂದರೆ ಸೀಸ ತೆಗೆದ ₹5.30ಕ್ಕಿಂತಲೂ ಕಡಿಮೆ. ಸೋಲ್ಡರ್ ಖರ್ಚು ಪ್ರತಿ ಬೋರ್ಡಿಗೆ ಒಂದೇ. ಕಾಗದದ ಖರ್ಚು ಬಿಒಎಂಗೆ ಒಂದೇ. ತಿಂಗಳಿಗೆ ಲಕ್ಷ ಬೋರ್ಡ್ ಮಾಡುವ ದೊಡ್ಡ ಘಟಕಕ್ಕೂ ವರ್ಷಕ್ಕೆ ಸಾವಿರ ಮಾಡುವ ಪೀಣ್ಯದ ಶೆಡ್ಡಿಗೂ ವ್ಯತ್ಯಾಸ ಹುಟ್ಟುವುದು ಇಲ್ಲಿ.

ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ಎಕ್ಸ್‌ಆರ್‌ಎಫ್: ಎಕ್ಸ್-ಕಿರಣ ಹಾಯಿಸಿ, ವಸ್ತು ಹೊರಸೂಸುವ ಕಿರಣದಿಂದ ಯಾವ ಮೂಲಧಾತು ಎಷ್ಟಿದೆ ಎಂದು ನಿಮಿಷಗಳಲ್ಲಿ ಅಂದಾಜಿಸುವ ವಿಧಾನ. ಐಇಸಿ 62321 ಮಾನದಂಡದಲ್ಲಿ ಪ್ಲಾಸ್ಟಿಕ್‌ನೊಳಗಿನ ಸೀಸಕ್ಕೆ 700 ಪಿಪಿಎಂ ಕೆಳಗಿದ್ದರೆ ಪಾಸ್, 1,300 ಮೀರಿದರೆ ಫೇಲ್. ಅಳತೆಯ ಅನಿಶ್ಚಿತತೆಯನ್ನು ಒಂದರಿಂದ ಕಳೆದು ಇನ್ನೊಂದಕ್ಕೆ ಕೂಡಿಸಬೇಕು. ಕೇಬಲ್ ಹೊದಿಕೆಯೊಂದಕ್ಕೆ ಯಂತ್ರ 900 ತೋರಿಸಿತೆನ್ನಿ. ಕಾನೂನಿನ ಮಿತಿಯಾದ 1,000ಕ್ಕಿಂತ ಕಡಿಮೆ. ಆದರೂ ಪಾಸ್ ಅಲ್ಲ. ಮಾದರಿಯನ್ನು ಆಮ್ಲದಲ್ಲಿ ಕರಗಿಸಿ ಅಳೆಯುವ ಎರಡನೇ ಹಂತಕ್ಕೆ ಕಳಿಸಬೇಕು.

ಎಕ್ಸ್‌ಆರ್‌ಎಫ್‌ಗೆ 10 ವಸ್ತುಗಳಲ್ಲಿ ನೇರವಾಗಿ ಕಾಣುವುದು 3: ಸೀಸ, ಪಾದರಸ, ಕ್ಯಾಡ್ಮಿಯಂ. ಕ್ರೋಮಿಯಂ ಎಷ್ಟಿದೆ ಎಂದು ಹೇಳುತ್ತದೆ, ಹೆಕ್ಸಾವೇಲೆಂಟ್ ಹೌದೇ ಎಂದು ಹೇಳದು. ಬ್ರೋಮಿನ್ ಎಷ್ಟಿದೆ ಎಂದು ಹೇಳುತ್ತದೆ, ಅದು ಪಿಬಿಬಿಯೋ ಪಿಬಿಡಿಇಯೋ ಅಥವಾ ನಿರ್ಬಂಧವಿಲ್ಲದ ಬೇರೊಂದು ಸಂಯುಕ್ತವೋ ಎಂದು ಹೇಳದು. ನಾಲ್ಕು ಥಾಲೇಟ್‌ಗಳು ಅದಕ್ಕೆ ಕಾಣುವುದೇ ಇಲ್ಲ; ಅವುಗಳಿಗೆ ಗ್ಯಾಸ್ ಕ್ರೊಮಟೋಗ್ರಫಿ ಬೇಕು. ಹಾಗಾಗಿ 2019ರಲ್ಲಿ ಪಟ್ಟಿ 6ರಿಂದ 10ಕ್ಕೆ, ಶೇ 67 ಹೆಚ್ಚಾದಾಗ, ಕಾರ್ಖಾನೆಯ ಮೇಜಿನ ಮೇಲಿದ್ದ ಯಂತ್ರದ ವ್ಯಾಪ್ತಿ ಒಂದಿಷ್ಟೂ ಹೆಚ್ಚಲಿಲ್ಲ. ಥಾಲೇಟ್ ಒಂದು ಪ್ಲಾಸ್ಟಿಕ್‌ನಿಂದ ತಾಗಿಕೊಂಡಿರುವ ಇನ್ನೊಂದಕ್ಕೆ ಇಳಿಯುವುದರಿಂದ ಶುದ್ಧ ಕೇಬಲನ್ನು ಹಳೆಯ ದಾಸ್ತಾನಿನೊಡನೆ ಒಂದೇ ಕಪಾಟಿನಲ್ಲಿ ಇಡುವುದೂ ತೊಂದರೆ.

ಯುರೋಪಿನ ಇನ್ನೊಂದು ಪಟ್ಟಿ ಇದಕ್ಕಿಂತ ಬೇಗ ಬೆಳೆಯುತ್ತಿದೆ. ರೀಚ್ ಎಂಬ ರಾಸಾಯನಿಕ ನಿಯಮದಡಿ ‘ಅತಿ ಕಾಳಜಿಯ ವಸ್ತು’ಗಳ ಪಟ್ಟಿಯಲ್ಲಿ 2008ರ ಅಕ್ಟೋಬರ್‌ನಲ್ಲಿ ಇದ್ದದ್ದು 15, 2025ರ ಜೂನ್ ವೇಳೆಗೆ 250. ಇವು ನಿಷೇಧವಲ್ಲ, ವಸ್ತುವೊಂದರಲ್ಲಿ ಶೇ 0.1 ಮೀರಿದರೆ ತಿಳಿಸಬೇಕು. ಪಟ್ಟಿಗೆ ಹೆಸರು ಸೇರಿದಾಗಲೆಲ್ಲ 300 ಸಾಲಿನ ಬಿಒಎಂ ಅನ್ನು ಮತ್ತೆ ಕೇಳಬೇಕಾಗುತ್ತದೆ.

ಜಾಗತಿಕ ಮಟ್ಟದಲ್ಲಿ ಈ ಖರ್ಚನ್ನು ಅಳೆದ ಸಮೀಕ್ಷೆ 2008ರದು. ಅಮೆರಿಕದ ಕನ್ಸ್ಯೂಮರ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಷನ್‌ಗಾಗಿ ಟೆಕ್ನಾಲಜಿ ಫೋರ್‌ಕಾಸ್ಟರ್ಸ್ ಸಂಸ್ಥೆ ಮಾಡಿದ ಅಂದಾಜಿನಲ್ಲಿ ರೋಹ್ಸ್‌ಗೆ ಸಿದ್ಧವಾಗಲು ಉದ್ಯಮ ಒಮ್ಮೆ ಹಾಕಿದ ಹಣ 3,200 ಕೋಟಿ ಡಾಲರ್, ನಂತರ ವರ್ಷಕ್ಕೆ 300 ಕೋಟಿ. ಆಗಿನ ₹43ರ ವಿನಿಮಯ ದರದಲ್ಲಿ ಮೊದಲನೆಯದು ₹1.38 ಲಕ್ಷ ಕೋಟಿ. ಕಂಪನಿಯೊಂದಕ್ಕೆ ಸರಾಸರಿ ಆರಂಭಿಕ ವೆಚ್ಚ 26 ಲಕ್ಷ ಡಾಲರಿಗೂ ಹೆಚ್ಚು, ವಾರ್ಷಿಕ ನಿರ್ವಹಣೆ 4.82 ಲಕ್ಷ ಡಾಲರ್. ಅಂದರೆ ಆರಂಭಿಕ ವೆಚ್ಚದ ಸುಮಾರು ಶೇ 18.5 ಪ್ರತಿ ವರ್ಷ. ಅದೇ ಅನುಪಾತ ಹಿಡಿದರೆ ನಮ್ಮ ₹4.20 ಲಕ್ಷದ ಕಡತಕ್ಕೆ ವರ್ಷಕ್ಕೆ ₹78,000; 10 ವರ್ಷ ಕಾಪಾಡಿದರೆ ಒಟ್ಟು ₹12 ಲಕ್ಷ.

ತಪ್ಪಿದರೆ

ಯುರೋಪಿನ ನಿಯಮ ಬರುವ ಮುನ್ನವೇ ಮಿತಿ ಮೀರಿದರೆ ತೆರಬೇಕಾದ ಬೆಲೆ ಎಷ್ಟಿರಬಹುದೆಂದು ಉದ್ಯಮಕ್ಕೆ ತಿಳಿಸಿದ್ದು 13 ಲಕ್ಷ ಪೆಟ್ಟಿಗೆಗಳು. 2001ರ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್ ಅಧಿಕಾರಿಗಳು ಸೋನಿಯ ಪ್ಲೇಸ್ಟೇಷನ್ ದಾಸ್ತಾನನ್ನು ತಡೆಹಿಡಿದರು. ಕಾರಣ ಆಟದ ಯಂತ್ರವಲ್ಲ, ಜೊತೆಗಿದ್ದ ಕೇಬಲಿನ ಹೊದಿಕೆಯಲ್ಲಿ ಆ ದೇಶದ ಮಿತಿ ಮೀರಿದ್ದ ಕ್ಯಾಡ್ಮಿಯಂ. ಕಂಪನಿಗೆ ಆದ ವೆಚ್ಚ 13 ಕೋಟಿ ಡಾಲರಿಗೂ ಹೆಚ್ಚು ಎಂಬ ಅಂದಾಜಿದೆ. ಪೆಟ್ಟಿಗೆಗೆ ಸುಮಾರು 100 ಡಾಲರ್. ಕ್ಯಾಡ್ಮಿಯಂ ಎಲ್ಲಿಂದ ಬಂತೆಂದು ಹುಡುಕುವ ಕೆಲಸ 18 ತಿಂಗಳು, 6,000ಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆಯವರೆಗೆ ಬೆಳೆಯಿತು.

ಭಾರತದಲ್ಲಿ ದಂಡದ ಗರಿಷ್ಠ ಮಿತಿ ₹15 ಲಕ್ಷ. ಪರಿಸರ ಸಂರಕ್ಷಣಾ ಕಾಯ್ದೆ 1986ರ 15ನೇ ಕಲಮಿನಲ್ಲಿ ಮೊದಲು 5 ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ ಇತ್ತು. ಜನ ವಿಶ್ವಾಸ್ ಕಾಯ್ದೆಯ ತಿದ್ದುಪಡಿಯಿಂದ 2024ರ ಏಪ್ರಿಲ್ 1ರಿಂದ ಜೈಲು ಹೋಗಿ ₹10,000ದಿಂದ ₹15 ಲಕ್ಷದವರೆಗಿನ ದಂಡ ಬಂದಿದೆ. ಎಸ್‌ಎಸಿ305 ತುಂಬಿದ ಒಂದು ಪಾಟ್‌ನ ₹16.56 ಲಕ್ಷಕ್ಕಿಂತ ಇದು ಕಡಿಮೆ. ರಫ್ತುದಾರನನ್ನು ಕಾಯಿದೆಗಿಂತ ಖರೀದಿ ಆದೇಶದ ಷರತ್ತೇ ಹೆಚ್ಚು ಕಟ್ಟಿಹಾಕುತ್ತದೆ.

ವಿನಾಯಿತಿಯಲ್ಲೂ ಎರಡು ಅಳತೆಗೋಲು. 2022ರ ಭಾರತೀಯ ನಿಯಮ ಅತಿಸಣ್ಣ ಉದ್ಯಮಗಳಿಗೆ ಅನ್ವಯಿಸುವುದಿಲ್ಲ. ಅತಿಸಣ್ಣ ಎಂದರೆ ₹5 ಕೋಟಿಯವರೆಗಿನ ವಹಿವಾಟು ಎಂಬುದು 2025ರ ಏಪ್ರಿಲ್ 1ರಿಂದ ₹10 ಕೋಟಿಗೆ ಏರಿದೆ. ಹೂಡಿಕೆಯ ಮಿತಿ ₹1 ಕೋಟಿಯಿಂದ ₹2.5 ಕೋಟಿಗೆ. ವ್ಯಾಖ್ಯೆ ಹಿಗ್ಗಿದಂತೆ ವಿನಾಯಿತಿಯೂ ಹಿಗ್ಗಿತು. ಯುರೋಪಿನ ನಿಯಮದಲ್ಲಿ ವಹಿವಾಟಿನ ಆಧಾರದ ವಿನಾಯಿತಿ ಇಲ್ಲ. ₹9 ಕೋಟಿ ವಹಿವಾಟಿನ ಘಟಕ ಒಳಪೇಟೆಯಲ್ಲಿ ಶೂನ್ಯ ವಸ್ತುಗಳಿಗೆ, ಯುರೋಪಿನಲ್ಲಿ ಹತ್ತಕ್ಕೂ ಹೊಣೆ.

ಹೊಣೆ ಹೊತ್ತಿರುವ ರಫ್ತಿನ ಗಾತ್ರ ದೊಡ್ಡದಾಗುತ್ತಿದೆ. ದೇಶದ ಎಲೆಕ್ಟ್ರಾನಿಕ್ಸ್ ರಫ್ತು 2023-24ರಲ್ಲಿ ಸುಮಾರು 2,910 ಕೋಟಿ ಡಾಲರ್, 2024-25ರಲ್ಲಿ ಸುಮಾರು 3,860 ಕೋಟಿ. ಶೇ 33 ಏರಿಕೆ. ಕರ್ನಾಟಕದ್ದು ಸುಮಾರು 460 ಕೋಟಿಯಿಂದ 780 ಕೋಟಿ ಡಾಲರಿಗೆ ಏರಿತು, ಶೇ 70. ದೇಶದ ರಫ್ತಿನಲ್ಲಿ ರಾಜ್ಯದ ಪಾಲು ಶೇ 16ರಿಂದ ಶೇ 20ಕ್ಕೆ ಬಂತು.

ಏಕೆ ಬೇಕು

ಟೀಕಾಕಾರರ ಅಂಕಿ ಶೇ 0.45. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2005ರ ಅಧ್ಯಯನದ ಪ್ರಕಾರ 2002ರಲ್ಲಿ ಜಗತ್ತು ಬಳಸಿದ ತವರ-ಸೀಸದ ಸೋಲ್ಡರ್ ಸುಮಾರು 80,000 ಟನ್. ಅದರಲ್ಲಿ ಶೇ 37 ಎಂದರೆ 29,600 ಟನ್ ಸೀಸ. ಆ ಕಾಲದ ಜಾಗತಿಕ ಸೀಸ ಬಳಕೆಯಾದ ಸುಮಾರು 66 ಲಕ್ಷ ಟನ್ನಿನ ಶೇ 0.45. ಬಳಕೆಯ ಬಹುಪಾಲು ಬ್ಯಾಟರಿಗಳದು. ಅದೇ ಅಧ್ಯಯನದಲ್ಲಿ, ಬೆಳ್ಳಿ ಗಣಿಗಾರಿಕೆ ಮತ್ತು ಹೆಚ್ಚಿನ ತಾಪದಿಂದಾಗಿ, ಎಸ್‌ಎಸಿ ಸೋಲ್ಡರ್ ಕೆಲವು ಮಾನದಂಡಗಳಲ್ಲಿ ಹಳೆಯದಕ್ಕಿಂತ ಹಿಂದೆ ಬಿತ್ತು. ತವರ-ಸೀಸ ಹಿಂದೆ ಬಿದ್ದದ್ದು ವಿಷಕಾರಿತ್ವದಲ್ಲಿ.

ಬ್ಯಾಟರಿಯ ಸೀಸ ಗಟ್ಟಿಯಾಗಿ ಒಂದೆಡೆ ಇರುತ್ತದೆ, ಅದಕ್ಕೆ ಗುಜರಿ ಬೆಲೆಯಿದೆ. ಬೋರ್ಡಿನ 3.7 ಗ್ರಾಂ ನೂರಾರು ಬೆಸುಗೆಗಳಲ್ಲಿ ಹಂಚಿಹೋಗಿರುತ್ತದೆ. ಹಾಗಾಗಿ ನೋಡಬೇಕಾದ ಅಂಕಿ ಎಷ್ಟು ಬಳಸಿದರು ಎಂಬುದಲ್ಲ, ಎಷ್ಟು ವಾಪಸ್ ಬಂತು ಎಂಬುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಭಾರತದಲ್ಲಿ 2017-18ರಲ್ಲಿ ಉತ್ಪತ್ತಿಯಾದ ಇ-ತ್ಯಾಜ್ಯ 7.08 ಲಕ್ಷ ಟನ್, ಅಧಿಕೃತವಾಗಿ ಸಂಸ್ಕರಣೆಯಾದದ್ದು 69,414 ಟನ್, ಶೇ 9.8. 2021-22ರಲ್ಲಿ 16.01 ಲಕ್ಷ ಟನ್‌ನಲ್ಲಿ ಸಂಸ್ಕರಣೆಯಾದದ್ದು 5.27 ಲಕ್ಷ ಟನ್, ಶೇ 32.9.

ಪ್ರಮಾಣ ಮೂರು ಪಟ್ಟಿಗೂ ಹೆಚ್ಚು ಸುಧಾರಿಸಿತು. ಅದೇ ಅವಧಿಯಲ್ಲಿ ಸಂಸ್ಕರಣೆಯಾಗದೆ ಉಳಿದದ್ದು 6.39 ಲಕ್ಷ ಟನ್‌ನಿಂದ 10.74 ಲಕ್ಷ ಟನ್‌ಗೆ, ಶೇ 68 ಏರಿತು. ಈ ಲೆಕ್ಕ ಆಗ ನಿಯಮದಲ್ಲಿದ್ದ 21 ವಿಧದ ಉಪಕರಣಗಳದು ಮಾತ್ರ. ಎಲ್ಲ ವಿಧಗಳನ್ನೂ ಎಣಿಸುವ ಗ್ಲೋಬಲ್ ಇ-ವೇಸ್ಟ್ ಮಾನಿಟರ್ 2024, ಭಾರತದ 2022ರ ಇ-ತ್ಯಾಜ್ಯವನ್ನು ಸುಮಾರು 41 ಲಕ್ಷ ಟನ್ ಎನ್ನುತ್ತದೆ. ಮಂಡಳಿಯ ಅಂಕಿಯ 2.6 ಪಟ್ಟು.

ಶೇ 32.9 ಸಂಸ್ಕರಣೆಯಲ್ಲಿ, ಬೋರ್ಡಿಗೆ ಹಾಕಿದ ಪ್ರತಿ 1,000 ಗ್ರಾಂ ಸೀಸದಲ್ಲಿ 671 ಗ್ರಾಂ ಅಧಿಕೃತ ವ್ಯವಸ್ಥೆಯ ಹೊರಗೆ ಹೋಗುತ್ತದೆ. ಸಂಸ್ಕರಣೆ ಶೇ 80ಕ್ಕೆ ಏರಿದರೂ 200 ಗ್ರಾಂ ಹೊರಗೇ. ಹಾಕದಿದ್ದರೆ ಶೂನ್ಯ. ವಾಪಸ್ ಸಂಗ್ರಹ ಕಡಿಮೆ ಇರುವ ದೇಶದಲ್ಲಿ ಮೂಲದಲ್ಲೇ ತಡೆಯುವ ನಿಯಮದ ಫಲ ಹೆಚ್ಚು.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರಲ್ಲಿ ಮಂಡಳಿ ನಿಗದಿ ಮಾಡಿದಂತೆ ಗೃಹಬಳಕೆಯ ಎಲೆಕ್ಟ್ರಾನಿಕ್ಸ್ ತಯಾರಕರು ಮರುಬಳಕೆ ಘಟಕಗಳಿಗೆ ಕೆ.ಜಿ.ಗೆ ಕನಿಷ್ಠ ₹22 ತೆರಬೇಕು. ಹಲವು ಕಂಪನಿಗಳು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿವೆ. 2 ಕೆ.ಜಿ. ಉಪಕರಣಕ್ಕೆ ಇದು ₹44. ಅದರೊಳಗಿನ ಬೋರ್ಡಿನಿಂದ ಸೀಸ ದೂರವಿಡುವ ₹5.30 ಇದರ ಶೇ 12.

ಮಿತಿ ಹಂತಹಂತವಾಗಿ ಕೆಲಸ ಮಾಡುವುದಕ್ಕೆ ಸಿಎಫ್‌ಎಲ್ ದೀಪ ಉದಾಹರಣೆ. ಯುರೋಪಿನಲ್ಲಿ 30 ವ್ಯಾಟ್‌ಗಿಂತ ಕಡಿಮೆಯ ದೀಪಕ್ಕೆ ಪಾದರಸದ ಮಿತಿ 2011ರವರೆಗೆ 5 ಮಿಲಿಗ್ರಾಂ, 2012ರಲ್ಲಿ 3.5, 2013ರಿಂದ 2.5, 2023ರ ಫೆಬ್ರುವರಿ 24ಕ್ಕೆ ವಿನಾಯಿತಿಯೇ ಮುಗಿಯಿತು. 10 ಕೋಟಿ ದೀಪಗಳಿಗೆ ಲೆಕ್ಕ ಹಾಕಿದರೆ 500 ಕೆ.ಜಿ., 350, 250, ನಂತರ ಶೂನ್ಯ. ಅಷ್ಟರಲ್ಲಿ ಎಲ್‌ಇಡಿ ಪೇಟೆ ತುಂಬಿತ್ತು. ಹತ್ತಾರು ಸಣ್ಣ ಭಾಗಗಳಲ್ಲಿ ಸೀಸಕ್ಕೆ ಇರುವ ವಿನಾಯಿತಿಗಳು ಇಷ್ಟು ಬೇಗ ಮುಗಿದಿಲ್ಲ: ತಾಮ್ರದ ಮಿಶ್ರಲೋಹದಲ್ಲಿ ಶೇ 4ರವರೆಗೆ, ಉಕ್ಕಿನಲ್ಲಿ ಶೇ 0.35ರವರೆಗೆ ಸೀಸಕ್ಕೆ ಅವಕಾಶವಿದ್ದದ್ದು, ಅವಧಿ ಮುಗಿದರೂ ನವೀಕರಣದ ಅರ್ಜಿ ಇತ್ಯರ್ಥವಾಗುವವರೆಗೆ ಮುಂದುವರಿಯಿತು. ಇದರಿಂದ ಕಡತಕ್ಕೆ ಇನ್ನೊಂದು ಅಂಕಣ ಸೇರುತ್ತದೆ: ಯಾವ ಭಾಗ, ಯಾವ ವಿನಾಯಿತಿ, ಯಾವ ದಿನಾಂಕದವರೆಗೆ.

ಇಳಿಸಬಹುದಾದ ಅಂಕಿ

ಲೋಹದ ಬೆಲೆ ಲಂಡನ್ ಪೇಟೆಯ ಕೈಯಲ್ಲಿದೆ, ಮಿತಿ ಬ್ರಸೆಲ್ಸ್ ಕೈಯಲ್ಲಿದೆ. ಇಲ್ಲಿ ಇಳಿಸಬಹುದಾದದ್ದು ₹420ನ್ನು. ಸಣ್ಣ ಘಟಕಗಳ ಬಿಒಎಂಗಳಲ್ಲಿ ರೆಸಿಸ್ಟರ್, ಕೆಪಾಸಿಟರ್, ಕನೆಕ್ಟರ್, ಸ್ಕ್ರೂ, ಕೇಬಲ್ ಹೆಚ್ಚಾಗಿ ಅವೇ ತಯಾರಕರವು. ಒಂದೇ ಕೈಗಾರಿಕಾ ಪ್ರದೇಶದ 10 ಘಟಕಗಳು, ಒಂದೊಂದಕ್ಕೆ 300 ಸಾಲು, ಅದರಲ್ಲಿ 200 ಎಲ್ಲರಿಗೂ ಸಾಮಾನ್ಯ ಎಂದುಕೊಂಡರೆ, ಬೇರೆಬೇರೆಯಾಗಿ ಪರಿಶೀಲಿಸುವ ಸಾಲುಗಳು 3,000. ಸಾಮಾನ್ಯ ಸಾಲುಗಳ ಘೋಷಣೆ ಮತ್ತು ಪರೀಕ್ಷಾ ವರದಿ ಒಂದೇ ಕಡೆ ಇದ್ದರೆ 1,200. ಶೇ 60 ಕಡಿಮೆ. ಘಟಕದ ಖರ್ಚು ₹4.20 ಲಕ್ಷದಿಂದ ₹1.68 ಲಕ್ಷಕ್ಕೆ, 1,000 ಬೋರ್ಡುಗಳ ಆರ್ಡರಿನಲ್ಲಿ ಬೋರ್ಡಿಗೆ ₹420ರಿಂದ ₹168ಕ್ಕೆ ಇಳಿಯುತ್ತದೆ. ಉಳಿಯುವ ₹252, ಒಂದು ಬೋರ್ಡಿನ ಸೋಲ್ಡರ್ ಬದಲಾವಣೆಗೆ ಬೇಕಾದ ₹5.30ರ ಸುಮಾರು 48 ಪಟ್ಟು. ಇದಕ್ಕೆ ಹೊಸ ಕಾನೂನು ಬೇಡ. ಒಂದು ಹಂಚಿಕೆಯ ದತ್ತಾಂಶ ಕಡತ, ಒಬ್ಬ ಅದನ್ನು ನೋಡಿಕೊಳ್ಳುವ ತಂತ್ರಜ್ಞ, ಪರೀಕ್ಷೆಗೆ ಒಟ್ಟಾಗಿ ಮಾಡಿಕೊಂಡ ದರ ಒಪ್ಪಂದ ಸಾಕು. ಭಾರತದ ಪಟ್ಟಿ 6ರಿಂದ 10ಕ್ಕೆ ಏರುವ ದಿನ ಬಂದರೆ, ಹೀಗೆ ಸಿದ್ಧವಾದ ಘಟಕಕ್ಕೆ ಒಳಪೇಟೆಯಲ್ಲಿ ತಗಲುವ ಹೆಚ್ಚುವರಿ ಖರ್ಚು ಶೂನ್ಯಕ್ಕೆ ಹತ್ತಿರ. ಆ ಹತ್ತರ ದಾಖಲೆ ರಫ್ತಿಗಾಗಿ ಅದರ ಬಳಿ ಆಗಲೇ ಇರುತ್ತದೆ.